ಐವತ್ತು ಗ್ಯಾಲನ್ ಎಂದರೆ ಎಷ್ಟು ನೀರು?

ಮಳೆಗಾಲ ಹಿಡಿಯುವ ಮುನ್ನ ಅಡಿಕೆಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವುದು ತೀರ್ಥಹಳ್ಳಿ ಸೀಮೆಯ ತೋಟಗಳಲ್ಲಿ ತಪ್ಪದೆ ನಡೆಯುವ ಕೆಲಸ. ಕೊಳೆರೋಗ ಕಾಣಿಸಿಕೊಂಡ ಮೇಲೆ ಔಷಧಿಗೆ ಓಡಾಡಿದರೆ ಫಸಲು ಉಳಿಯುವುದಿಲ್ಲವೆಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಮನೆಯ ಅಟ್ಟ ಗುಡಿಸುವಾಗ ಅಜ್ಜನ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಅದರ ಕೊನೆಯ ಹಾಳೆಯಲ್ಲಿ, ಮಾಸಿದ ಮಸಿಯಲ್ಲಿ, ದ್ರಾವಣದ ಅಳತೆ ಬರೆದಿತ್ತು: ಮೈಲುತುತ್ತ (ತಾಮ್ರದ ಸಲ್ಫೇಟ್) 5 ಪೌಂಡು, ಸುಣ್ಣ 5 ಪೌಂಡು, ನೀರು 50 ಗ್ಯಾಲನ್. ಆ ವರ್ಷ ಅಜ್ಜನ ಅಳತೆಯಲ್ಲೇ ಔಷಧಿ ಕಲಸಬೇಕೆಂಬ ಹುಮ್ಮಸ್ಸು ನನಗೆ ಬಂತು. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಹೇಳಿಕೊಡುತ್ತಿರುವವನಿಗೆ ಪೌಂಡನ್ನು ಕೆಜಿಗೆ, ಗ್ಯಾಲನ್ನನ್ನು ಲೀಟರಿಗೆ ತಿರುಗಿಸುವುದೇನು ದೊಡ್ಡ ವಿದ್ಯೆಯೇ?

ಮೊಬೈಲಿನಲ್ಲಿ ಒತ್ತಿ ನೋಡಿದೆ. 5 ಪೌಂಡು ಎಂದರೆ 2.27 ಕೆಜಿ, 50 ಗ್ಯಾಲನ್ ಎಂದರೆ 189 ಲೀಟರ್. ನಮ್ಮ ಪ್ಲಾಸ್ಟಿಕ್ ಬ್ಯಾರೆಲ್ಲು 200 ಲೀಟರಿನದಾದ್ದರಿಂದ, ಅಜ್ಜನ ಅಳತೆ ನಮ್ಮ ಬ್ಯಾರೆಲ್ಲಿಗೆಂದೇ ಮಾಡಿದಂತಿದೆ ಎಂದು ಹಿಗ್ಗಿದೆ. ತುತ್ತವನ್ನು ಒಂದು ಕಡೆ, ಸುಣ್ಣವನ್ನು ಇನ್ನೊಂದು ಕಡೆ ಕರಗಿಸಿ, ಎರಡನ್ನೂ ಸೇರಿಸಿ, ಕತ್ತಿಯನ್ನು ಅದ್ದಿ ತೆಗೆದು ಅಲಗಿನ ಮೇಲೆ ತಾಮ್ರದ ಕೆಂಪು ಕೂತಿಲ್ಲವೆಂದು ನೋಡಿಕೊಂಡದ್ದೂ ಆಯಿತು. ಆಗ, ಮೂವತ್ತು ವರ್ಷಗಳಿಂದ ನಮ್ಮ ತೋಟದ ಅಡಿಕೆಗೊನೆ ತೆಗೆಯುತ್ತ, ಔಷಧಿ ಹೊಡೆಯುತ್ತ ಬಂದಿರುವ ಹಿರಿಯರು ಬ್ಯಾರೆಲ್ಲಿನೊಳಗೆ ಬಗ್ಗಿ ನೋಡಿ ಕೇಳಿದರು: "ಮೇಷ್ಟ್ರೇ, ಎರಡು ಕೆಜಿ ತುತ್ತಕ್ಕೆ ನಾವು ಬ್ಯಾರೆಲ್ ಕಂಠಮಟ್ಟ ತುಂಬಿಸ್ತೀವಿ. ನೀವು ತುತ್ತ ಜಾಸ್ತಿ ಹಾಕಿ ನೀರು ಕಡಿಮೆ ಮಾಡಿದೀರಿ. ಇದು ಯಾವ ಲೆಕ್ಕ?"

"ಅಜ್ಜನ ಲೆಕ್ಕ" ಎಂದೆ.

"ನಿಮ್ಮ ಅಜ್ಜಯ್ಯ ಒಂದು ಹರಳು ತುತ್ತವನ್ನೂ ದಂಡ ಮಾಡಿದೋರಲ್ಲ ಬಿಡಿ" ಎಂದು ಅವರು ದೋಟಿ ಎತ್ತಿಕೊಂಡು ಹೊರಟರು.

ಅವರ ಮಾತೇ ಸರಿಯಾಗಿತ್ತು. ಗ್ಯಾಲನ್ ಎಂಬ ಹೆಸರಿನಲ್ಲಿ ಎರಡು ಅಳತೆಗಳಿವೆ. ಅಮೆರಿಕದವರದು 231 ಘನ ಇಂಚು, ಅಂದರೆ ಸುಮಾರು 3.785 ಲೀಟರ್. ಬ್ರಿಟಿಷರು 1824ರಲ್ಲಿ ತಮ್ಮ ಗ್ಯಾಲನ್ನನ್ನು ಹೊಸದಾಗಿ ನಿಗದಿ ಮಾಡಿಕೊಂಡಾಗ ಹತ್ತು ಪೌಂಡು ನೀರು ಹಿಡಿಯುವ ಗಾತ್ರವನ್ನು ಗೊತ್ತು ಮಾಡಿದರು, ಅದು 4.546 ಲೀಟರ್. ಮೊಬೈಲು ಹೇಳಿದ್ದು ಅಮೆರಿಕದ ಗ್ಯಾಲನ್, ಅಜ್ಜ ಬರೆದದ್ದು ಬ್ರಿಟಿಷರ ಗ್ಯಾಲನ್. ಅಜ್ಜನ ಐವತ್ತು ಗ್ಯಾಲನ್ನು 227 ಲೀಟರ್ ಆಗಬೇಕಿದ್ದಲ್ಲಿ ನಾನು 189 ಲೀಟರಿಗೇ ನಿಲ್ಲಿಸಿದ್ದೆ. ನೂರಕ್ಕೆ ಒಂದು ಪಾಲು ತುತ್ತವಿರಬೇಕಾದ ದ್ರಾವಣದಲ್ಲಿ 1.2 ಪಾಲು ಸೇರಿಹೋಗಿತ್ತು. ಕತ್ತಿಯ ಪರೀಕ್ಷೆ ಇದನ್ನು ಹಿಡಿಯಲಾರದು. ಅದು ಸುಣ್ಣ ಸಾಲದೆ ತುತ್ತದ ಹುಳಿ ಉಳಿದಿದೆಯೇ ಎಂಬುದನ್ನು ಹೇಳುತ್ತದೆಯೇ ಹೊರತು ದ್ರಾವಣ ಎಷ್ಟು ಗಟ್ಟಿ ಎಂಬುದನ್ನು ಹೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಅಜ್ಜನ ಅಳತೆಯನ್ನು ಕೆಜಿ, ಲೀಟರುಗಳಿಗೆ ತಿರುಗಿಸುವ ಅಗತ್ಯವೇ ಇರಲಿಲ್ಲ. ಒಂದು ಗ್ಯಾಲನ್ ನೀರು ಹತ್ತು ಪೌಂಡು ತೂಗುವುದರಿಂದ ಐವತ್ತು ಗ್ಯಾಲನ್ನು ಐನೂರು ಪೌಂಡು. ಐನೂರಕ್ಕೆ ಐದು ಎಂದರೆ ನೂರಕ್ಕೆ ಒಂದು. ಇಂದಿನ ಕೃಷಿ ಕರಪತ್ರಗಳು ಹೇಳುವ 1 ಕೆಜಿ ತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಅಳತೆಯೂ ಅದೇ ನೂರಕ್ಕೆ ಒಂದು. ಒಂದೇ ಬಗೆಯ ಎರಡು ಪರಿಮಾಣಗಳ ಅನುಪಾತಕ್ಕೆ ಏಕಮಾನವಿರುವುದಿಲ್ಲ. ಪೌಂಡಿನಲ್ಲಿ ಅಳೆದರೂ, ಕೆಜಿಯಲ್ಲಿ ಅಳೆದರೂ, ತೊಲದಲ್ಲಿ ಅಳೆದರೂ ಅದು ಬದಲಾಗದು. ಹಿರಿಯರು ನೋಡಿದ್ದು ಅನುಪಾತವನ್ನು, ನಾನು ನೋಡಿದ್ದು ಮೊಬೈಲನ್ನು.

ಪ್ರಥಮ ಪಿಯುಸಿಯ ಭೌತಶಾಸ್ತ್ರ ಶುರುವಾಗುವುದೇ ಏಕಮಾನ ಮತ್ತು ಅಳತೆಯಿಂದ. ಮಕ್ಕಳು ಅದನ್ನು ಒಂದು ವಾರದಲ್ಲಿ ದಾಟಿಬಿಡುತ್ತಾರೆ, ನಾವೂ ದಾಟಿಸಿಬಿಡುತ್ತೇವೆ. ಮೀಟರ್, ಕಿಲೋಗ್ರಾಂ, ಸೆಕೆಂಡ್, ಆಂಪಿಯರ್, ಕೆಲ್ವಿನ್, ಮೋಲ್, ಕ್ಯಾಂಡೆಲಾ ಎಂಬ ಏಳು ಮೂಲಮಾನಗಳನ್ನು ಬಾಯಿಪಾಠ ಒಪ್ಪಿಸಿದರೆ ಅಧ್ಯಾಯ ಮುಗಿದಂತೆ. ಆಮೇಲೆ ವರ್ಷವಿಡೀ ಏಕಮಾನವೆನ್ನುವುದು ಉತ್ತರದ ಬಾಲದಂತೆ ಉಳಿಯುತ್ತದೆ, ಮರೆತರೆ ಅರ್ಧ ಅಂಕ ಹೋಗುತ್ತದೆ, ಅಷ್ಟೇ. ಆದರೆ ಭೌತ ಪರಿಮಾಣವೆಂದರೆ ಸಂಖ್ಯೆ ಮತ್ತು ಏಕಮಾನಗಳ ಗುಣಲಬ್ಧ. ಆ ಗುಣಾಕಾರವನ್ನು ಲೆಕ್ಕದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಬಿಡದೆ ಬರೆದುಕೊಂಡು ಹೋಗುವುದೇ ಈ ಅಧ್ಯಾಯದ ಸಾರವೆಂದು ನನ್ನ ತಿಳಿವಳಿಕೆ.

ಇದಕ್ಕಾಗಿ ಪ್ರತಿ ವರ್ಷ ಜೋಗದ ಲೆಕ್ಕವೊಂದನ್ನು ಕೊಡುತ್ತೇನೆ. ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯ ತಡೆಯಿಲ್ಲವೆಂದು ಇಟ್ಟುಕೊಂಡು ಮೇಲಿನಿಂದ ಕಲ್ಲೊಂದನ್ನು ಬಿಟ್ಟರೆ, ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಎಷ್ಟು ಕಿಲೋಮೀಟರ್? ವೇಗ ಸೆಕೆಂಡಿಗೆ 70.4 ಮೀಟರ್ ಎಂದು ಬರುತ್ತದೆ, 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 253 ಕಿಲೋಮೀಟರ್. ತರಗತಿಯಲ್ಲಿ ಅರ್ಧದಷ್ಟು ಮಂದಿ ಇಲ್ಲಿಗೆ ಬಂದು ರಬ್ಬರ್ ಕೈಗೆತ್ತಿಕೊಳ್ಳುತ್ತಾರೆ, ಕೊಟ್ಟ ಸಂಖ್ಯೆಯೇ ಉತ್ತರವಾಗಿ ಬಂದಿದೆಯೆಂದರೆ ಎಲ್ಲೋ ತಪ್ಪಾಗಿದೆಯೆಂದು. ಇನ್ನು ಕೆಲವರು ಬಿದ್ದ ಎತ್ತರವೇ ವೇಗವಾಗುತ್ತದೆಯೆಂಬ ಹೊಸ ನಿಯಮವನ್ನೇ ಕಂಡುಹಿಡಿದುಬಿಡುತ್ತಾರೆ. ಅದೇ ಲೆಕ್ಕವನ್ನು ಅಡಿಯಲ್ಲಿ ಮಾಡಿಸುತ್ತೇನೆ: ಎತ್ತರ 830 ಅಡಿ, ವೇಗ ಸೆಕೆಂಡಿಗೆ 231 ಅಡಿ. ಎರಡು 253ಗಳ ನೆಂಟಸ್ತಿಕೆ ಅಲ್ಲಿಗೆ ಕಡಿದುಹೋಗುತ್ತದೆ. ಮೀಟರ್, ಕಿಲೋಮೀಟರ್, ಗಂಟೆಗಳು ಹೀಗೇ ಇರುವುದರಿಂದ ಸುಮಾರು 254 ಮೀಟರ್ ಎತ್ತರದಲ್ಲಿ ಮಾತ್ರ ಒದಗುವ ಕಾಕತಾಳೀಯವಿದು, ಜೋಗ ಅದರ ಪಕ್ಕದಲ್ಲೇ ಬಂದು ನಿಂತಿದೆ.

ಪರಿವರ್ತನೆಯ ವಿಷಯದಲ್ಲಿ ನಮ್ಮ ಮಕ್ಕಳ ದೊಡ್ಡ ತೊಡಕು "ಸರ್, ಇಲ್ಲಿ ಗುಣಿಸಬೇಕೋ ಭಾಗಿಸಬೇಕೋ" ಎಂಬುದು. ಇದಕ್ಕೆ ನನ್ನ ಉತ್ತರ ಒಂದೇ: ಯಾವಾಗಲೂ ಒಂದರಿಂದ ಗುಣಿಸಿ. ಒಂದು ಅಡಿ 0.3048 ಮೀಟರಿಗೆ ಸಮವಾದ್ದರಿಂದ, 0.3048 ಮೀಟರನ್ನು ಮೇಲೆ, ಒಂದು ಅಡಿಯನ್ನು ಕೆಳಗೆ ಬರೆದ ಭಿನ್ನರಾಶಿಯ ಬೆಲೆ ಒಂದು. ಅದರಿಂದ ಗುಣಿಸಿದರೆ ಉದ್ದ ಬದಲಾಗುವುದಿಲ್ಲ, ಉಡುಪು ಬದಲಾಗುತ್ತದೆ. ಮೇಲಿನ ಅಡಿಯೂ ಕೆಳಗಿನ ಅಡಿಯೂ ಹೊಡೆದುಹೋಗಿ ಮೀಟರ್ ಉಳಿದರೆ ದಾರಿ ಸರಿ. ಅಡಿಯ ವರ್ಗ ಉಳಿದರೆ ಭಿನ್ನರಾಶಿಯನ್ನು ತಲೆಕೆಳಗು ಮಾಡಿ. ಗುಣಾಕಾರವೋ ಭಾಗಾಕಾರವೋ ಎಂಬುದನ್ನು ಏಕಮಾನಗಳೇ ಹೇಳುತ್ತವೆ, ನೆನಪಿಟ್ಟುಕೊಳ್ಳುವ ಹೊರೆ ನಮಗಿಲ್ಲ.

ತೋಟದವರು ಮಳೆಯನ್ನು ಇಂದಿಗೂ ಇಂಚಿನಲ್ಲಿ ಹೇಳುತ್ತಾರೆ. ಕಾಫಿಯವರಂತೂ ಇಂಚಿನ ನೂರನೆಯ ಒಂದು ಭಾಗವನ್ನು ಸೆಂಟ್ ಎಂದು ಕರೆದು "ಇವತ್ತು ಐವತ್ತು ಸೆಂಟ್ಸ್ ಬಂತು" ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂದು ಇಂಚು ಮಳೆ ಬಿದ್ದರೆ ನೀರೆಷ್ಟು? ಎಕರೆಗೆ 43,560 ಚದರ ಅಡಿ. ಒಂದು ಇಂಚು ಅಡಿಯ ಹನ್ನೆರಡನೆಯ ಒಂದು ಭಾಗ. ಗುಣಿಸಿದರೆ 3,630 ಘನ ಅಡಿ. ಘನ ಅಡಿಗೆ 28.32 ಲೀಟರಿನಂತೆ ಸುಮಾರು 1,02,800 ಲೀಟರ್. ಇದನ್ನೇ ಮೆಟ್ರಿಕ್ಕಿನಲ್ಲಿ ಕೇಳಿದರೆ ಕಾಗದವೇ ಬೇಡ, ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲಿ ಒಂದೊಂದು ಚದರ ಮೀಟರ್ ನೆಲವೂ ವರ್ಷಕ್ಕೆ 7,000 ಲೀಟರಿಗಿಂತ ಹೆಚ್ಚು ನೀರು ಹೊರುತ್ತದೆಯೆಂದು ಮನಸ್ಸಿನಲ್ಲೇ ಲೆಕ್ಕ ಮುಗಿಯುತ್ತದೆ.

ಉದ್ದವನ್ನು ಸರಿಯಾಗಿ ತಿರುಗಿಸುವವರೂ ವಿಸ್ತೀರ್ಣದಲ್ಲಿ ಎಡವುತ್ತಾರೆ. ಶಿವಮೊಗ್ಗದ ಮೂವತ್ತು ನಲವತ್ತರ ಸೈಟು 1,200 ಚದರ ಅಡಿ. ಇದನ್ನು 0.3048ರಿಂದ ಒಂದೇ ಸಲ ಗುಣಿಸಿ 366 ಚದರ ಮೀಟರ್ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಚದರ ಅಡಿಯಲ್ಲಿ ಅಡಿ ಎರಡು ಸಲ ಇರುವುದರಿಂದ ಎರಡು ಸಲ ಗುಣಿಸಬೇಕು. ಸರಿಯಾದ ಉತ್ತರ 111.5 ಚದರ ಮೀಟರ್. ನಮ್ಮ ಪಹಣಿಯ ಗುಂಟೆಯೂ ಅಷ್ಟೇ: 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಅದು ನೂರು ಚದರ ಮೀಟರಿಗೆ ಅಷ್ಟು ಹತ್ತಿರದಲ್ಲಿರುವುದರಿಂದ ಒಂದು ಹೆಕ್ಟೇರಿಗೆ ನೂರು ಗುಂಟೆಯೆಂದು ಬಾಯಿಲೆಕ್ಕ ಹಾಕುವವರಿದ್ದಾರೆ. ನಿಜವಾದ ಅಂಕಿ ಸುಮಾರು 98.8.

ಈ "ಹತ್ತಿರದಲ್ಲಿ" ಎಂಬ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಅಡಿಕೆ ಸಸಿ ನೆಡುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಳಬರು ಒಂಬತ್ತು ಅಡಿಗೆ ಒಂದು ಗುಂಡಿ ತೆಗೆಯುತ್ತಾರೆ, ಪುಸ್ತಕಗಳು 2.7 ಮೀಟರ್ ಎನ್ನುತ್ತವೆ. ಎರಡೂ ಒಂದೇ ಎಂದು ನಾವೆಲ್ಲ ನಂಬಿದ್ದೇವೆ. ಒಂಬತ್ತು ಅಡಿ ಎಂದರೆ 2.743 ಮೀಟರ್; ಗುಂಡಿಯಿಂದ ಗುಂಡಿಗೆ ನಾಲ್ಕು ಬೆರಳು ಕೂಡ ಇಲ್ಲದ ವ್ಯತ್ಯಾಸ, ನೂರಕ್ಕೆ 1.6ರಷ್ಟು. ಆದರೆ ಸಸಿಗಳ ಸಂಖ್ಯೆ ನಿಂತಿರುವುದು ಅಂತರದ ವರ್ಗದ ಮೇಲೆ. ಹೆಕ್ಟೇರಿಗೆ 2.7 ಮೀಟರಿನ ಲೆಕ್ಕದಲ್ಲಿ ಸುಮಾರು 1,372 ಸಸಿ, ಒಂಬತ್ತು ಅಡಿಯ ಲೆಕ್ಕದಲ್ಲಿ 1,329. ನಲವತ್ತಮೂರು ಸಸಿಗಳು ದಶಮಾಂಶದ ಸಂದಿಯಲ್ಲಿ ಕಾಣೆಯಾದವು. ಒಂದೊಂದು ಗುಂಡಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಸಸಿಗೆ ಹಣ ಕೊಡುವಾಗ ಬರುತ್ತದೆ. ಪರಿವರ್ತನೆಯ ನಡುವೆ ಅಂಕಿಗಳನ್ನು ಮೊಟಕು ಮಾಡಬೇಡಿ, ಕೊನೆಯಲ್ಲಿ ಮಾಡಿ ಎಂದು ಮಕ್ಕಳಿಗೆ ಹೇಳುವಾಗ ಈ ನಲವತ್ತಮೂರು ಸಸಿಗಳನ್ನು ತಪ್ಪದೆ ತರುತ್ತೇನೆ.

ಇನ್ನು ಜುಲೈ ತಿಂಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿಗೆ ಬರೋಣ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ, ಗಾಜನೂರಿನ ತುಂಗಾದ್ದು 588.24 ಮೀಟರ್. "ಲಿಂಗನಮಕ್ಕಿ ಭದ್ರಾಗಿಂತ ಹತ್ತು ಪಟ್ಟು ಎತ್ತರವಾ ಸರ್?" ಎಂದು ಹುಡುಗಿಯೊಬ್ಬಳು ಕೇಳಿದ ದಿನದಿಂದ ಈ ಪಟ್ಟಿಯನ್ನು ಕತ್ತರಿಸಿ ತರಗತಿಗೆ ಒಯ್ಯುವ ರೂಢಿ ಮಾಡಿಕೊಂಡಿದ್ದೇನೆ. ಲಿಂಗನಮಕ್ಕಿಯ ಅಂಕಿ ಸಮುದ್ರಮಟ್ಟದಿಂದ ಎಣಿಸಿದ್ದು. ಕಟ್ಟೆಯ ಎತ್ತರ ಸುಮಾರು ಇನ್ನೂರು ಅಡಿ ಮಾತ್ರ. ಭದ್ರಾದ ಅಂಕಿಯ ಸೊನ್ನೆ ಅಣೆಕಟ್ಟೆಯ ಬುಡದಲ್ಲೇ ಇದೆ. ಗಾಜನೂರಿನದು ಮತ್ತೆ ಸಮುದ್ರಮಟ್ಟದಿಂದಲೇ, ಆದರೆ ಮೀಟರಿನಲ್ಲಿ. 1,819 ಅಡಿಯನ್ನು ತಿರುಗಿಸಿದರೆ 554.43 ಮೀಟರ್; ಅಂದರೆ ನೋಡುವುದಕ್ಕೆ ಚಿಕ್ಕ ಅಂಕಿಯಿರುವ ಗಾಜನೂರಿನ ನೀರು ಲಿಂಗನಮಕ್ಕಿಯ ನೀರಿಗಿಂತ ಸುಮಾರು 34 ಮೀಟರ್ ಮೇಲಿದೆ. ಭದ್ರಾದ 186 ಅಡಿಯನ್ನು ಎಷ್ಟು ಜೋಪಾನವಾಗಿ ಮೀಟರಿಗೆ ತಿರುಗಿಸಿದರೂ ಉಳಿದೆರಡರ ಜೊತೆ ಹೋಲಿಸಲಾಗದು, ಏಕೆಂದರೆ ಅಲ್ಲಿ ಬೇರೆಯಾಗಿರುವುದು ಸೊನ್ನೆ. ಜ್ವರದ ಲೆಕ್ಕವೂ ಹೀಗೆಯೇ. 98.6 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 37 ಡಿಗ್ರಿ ಸೆಲ್ಸಿಯಸ್, ಅಲ್ಲಿ ಮೂವತ್ತೆರಡನ್ನು ಕಳೆಯಬೇಕು. ಆದರೆ ಜ್ವರ ಎರಡು ಡಿಗ್ರಿ ಫ್ಯಾರನ್‌ಹೀಟ್ ಏರಿತೆಂದರೆ 1.1 ಡಿಗ್ರಿ ಸೆಲ್ಸಿಯಸ್ ಏರಿತೆಂದು ಅರ್ಥ, ಅಲ್ಲಿ ಮೂವತ್ತೆರಡಕ್ಕೆ ಕೆಲಸವಿಲ್ಲ.

ಅದೇ ಪಟ್ಟಿಯಲ್ಲಿ ಒಳಹರಿವು ಕ್ಯುಸೆಕ್ಕಿನಲ್ಲೂ ಸಂಗ್ರಹ ಟಿಎಂಸಿಯಲ್ಲೂ ಇರುತ್ತದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸೆಕೆಂಡಿಗೆ ದೊಡ್ಡ ಕೊಡದಲ್ಲಿ ಎರಡು ಕೊಡದಷ್ಟು ನೀರು. ಟಿಎಂಸಿ ನೂರು ಕೋಟಿ ಘನ ಅಡಿ. ಮೊದಲನೆಯದರಲ್ಲಿ ಕಾಲವಿದೆ, ಎರಡನೆಯದರಲ್ಲಿ ಇಲ್ಲ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ 50,000 ಕ್ಯುಸೆಕ್ ಒಳಹರಿವು ಒಂದು ದಿನ ಪೂರ್ತಿ ನಡೆದರೆ 4.32 ಟಿಎಂಸಿ ಸೇರುತ್ತದೆ, ಸುಮಾರು 71.5 ಟಿಎಂಸಿ ಹಿಡಿಯುವ ಭದ್ರಾ ಬರಿದಾಗಿದ್ದರೆ ಅದು ತುಂಬಲು ಹದಿನಾರೂವರೆ ದಿನ ಬೇಕು. ವಿದ್ಯುತ್ತಿನಲ್ಲಿಯೂ ಇದೇ ಜೋಡಿಯಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಇದನ್ನು "ಗಂಟೆಗೆ 1,035 ಮೆಗಾವಾಟ್" ಎಂದು ಬರೆಯುವವರು ಕಾಲದಿಂದ ಎರಡು ಸಲ ಭಾಗಿಸುತ್ತಿದ್ದಾರೆ, ವಾಟ್ ಎಂದರೇ ಸೆಕೆಂಡಿಗೆ ಒಂದು ಜೂಲ್. ಬಿಲ್ಲಿನಲ್ಲಿ ಬರುವ ಯೂನಿಟ್ಟು ಕಿಲೋವಾಟ್-ಗಂಟೆ, 36 ಲಕ್ಷ ಜೂಲ್. ಶರಾವತಿ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 10.35 ಲಕ್ಷ ಯೂನಿಟ್ಟು. ನಮ್ಮೂರಿನಲ್ಲಿ ಯೂನಿಟ್ ಎಂಬ ಪದಕ್ಕೆ ಕರೆಂಟ್ ಬಿಲ್ಲಿನ ಆಚೆ ಅರ್ಥವೇ ಇಲ್ಲವಾದ್ದರಿಂದ "ಯೂನಿಟ್ ಬರೆಯಿರಿ" ಎಂದರೆ ಮಕ್ಕಳಿಗೆ ನಗು ಬರುವುದೂ ಉಂಟು. ದ್ರವ್ಯರಾಶಿ ಎಂದಾಗಲೂ ಅಷ್ಟೇ, ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ನಡುವೆ ಬೆಳೆದ ಮಕ್ಕಳು ಅವರು.

ಹಳೆಯ ಅಳತೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಖಂಡುಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಇದು ಧಾನ್ಯದ ಗಾತ್ರ. ಆದರೆ "ಅವರದು ಎರಡು ಖಂಡುಗ ಗದ್ದೆ" ಎಂದಾಗ ಅದು ಅಷ್ಟು ಬೀಜ ಬಿತ್ತುವಷ್ಟು ನೆಲ. ಹಳೆಯ ಕಂದಾಯದ ಲೆಕ್ಕಗಳಲ್ಲಿ ಬೀಜವರಿ ಎನ್ನುವುದು ಇದನ್ನೇ. ಗಾತ್ರದಿಂದ ವಿಸ್ತೀರ್ಣವನ್ನು ಅಳೆಯುವುದು ಪುಸ್ತಕದ ಪ್ರಕಾರ ಅಪರಾಧ, ಉದ್ದದ ಘನವೂ ಉದ್ದದ ವರ್ಗವೂ ಸಮವಾಗಲಾರವು. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದು ಉದ್ದ ಉಳಿಯುತ್ತದೆ. ಆ ಉದ್ದ ಯಾವುದು? ಬಿತ್ತಿದ ಭತ್ತವನ್ನೆಲ್ಲ ಗದ್ದೆಯ ಮೇಲೆ ಸಮನಾಗಿ ಹರಡಿದರೆ ಆಗುವ ಪದರದ ದಪ್ಪ, ಕೂದಲೆಳೆಗಿಂತ ತೆಳುವಾದ ಒಂದು ಕಾಲ್ಪನಿಕ ಪದರ. ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವಾಗ ನಾವು ಮಾಡುವುದೂ ಇದನ್ನೇ, ಲೀಟರನ್ನು ಚದರ ಮೀಟರಿನಿಂದ ಭಾಗಿಸುವುದು. ವ್ಯತ್ಯಾಸವಿಷ್ಟೇ: ಖಂಡುಗದ ಲೆಕ್ಕದಲ್ಲಿ ಅಡಗಿರುವ ಆ ದಪ್ಪ ಮಣ್ಣನ್ನು ನೋಡಿ, ಬಿತ್ತನೆಯ ಬಗೆಯನ್ನು ನೋಡಿ ಬದಲಾಗುತ್ತದೆ, ಕೊಳಗವೂ ಊರಿನಿಂದ ಊರಿಗೆ ಬದಲಾಗುತ್ತಿತ್ತು. ಕೆಜಿಯನ್ನು ಲೀಟರಿಗೆ ತಿರುಗಿಸುವಾಗಲೂ ಇಂಥದೊಂದು ಗುಟ್ಟು ಒಳಗಿರುತ್ತದೆ. ನೀರಿಗೆ ಲೀಟರಿಗೊಂದು ಕೆಜಿ, ಜೇನಿಗೆ ಲೀಟರಿಗೆ ಸುಮಾರು 1.4 ಕೆಜಿ. 750 ಮಿಲಿಲೀಟರಿನ ಹಳೆಯ ಬಾಟಲಿಯ ತುಂಬ ಜೇನು ಕೊಟ್ಟು ಕೆಜಿಯ ದರ ಕೇಳುವವರು ಮೋಸ ಮಾಡುತ್ತಿಲ್ಲ, ಸಾಂದ್ರತೆಯನ್ನು ಬಲ್ಲವರು. ಇದು ಏಕಮಾನದ ಪರಿವರ್ತನೆಯಲ್ಲ, ವಸ್ತುವಿನ ಗುಣದ ಲೆಕ್ಕ.

ದೇಶದಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ, ಮೆಟ್ರಿಕ್ ತೂಕಗಳು ಜಾರಿಗೆ ಬರತೊಡಗಿದ್ದು 1958ರ ಅಕ್ಟೋಬರಿನಿಂದ. ಅಲ್ಲಿಂದೀಚೆಗೆ ಕಿಲೋಗ್ರಾಮಿನ ವ್ಯಾಖ್ಯೆಯೇ ಬದಲಾಗಿ, 2019ರ ಮೇ 20ರಿಂದ ಅದು ಪ್ಯಾರಿಸ್ಸಿನ ಹತ್ತಿರದ ಲೋಹದ ಬಟ್ಟನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿದೆ. ಆದರೂ ನಮ್ಮಲ್ಲಿ ಹೂವು ಮೊಳದಲ್ಲಿ, ಸೈಟು ಅಡಿಯಲ್ಲಿ, ತೋಟ ಗುಂಟೆಯಲ್ಲಿ, ಅಡಿಕೆ ಕ್ವಿಂಟಾಲಿನಲ್ಲಿ ನಡೆಯುತ್ತಿವೆ. ಇದನ್ನು ಕಂಡು ಸಿಡುಕುವ ಸಹೋದ್ಯೋಗಿಗಳಿದ್ದಾರೆ, ನನಗೆ ಸಿಡುಕಿಲ್ಲ. ದಿನಕ್ಕೆ ಹತ್ತು ಅಳತೆಗಳ ನಡುವೆ ಓಡಾಡುವ ಮಕ್ಕಳಿಗೆ ಈ ಅಧ್ಯಾಯ ಉಳಿದವರಿಗಿಂತ ಸಲೀಸಾಗಬೇಕು. ಆಗದಿದ್ದರೆ ತಪ್ಪು ಮೊಳದ್ದೂ ಅಲ್ಲ, ಗುಂಟೆಯದ್ದೂ ಅಲ್ಲ.

ಅಜ್ಜನ ಪುಸ್ತಕದ ಆ ಹಾಳೆಯಲ್ಲಿ 50 ಗ್ಯಾಲನ್ನಿನ ಪಕ್ಕದಲ್ಲಿ ಪೆನ್ಸಿಲಿನಿಂದ "ಬ್ರಿಟಿಷ್ ಗ್ಯಾಲನ್, 4.546 ಲೀಟರ್" ಎಂದು ಬರೆದಿಟ್ಟಿದ್ದೇನೆ. ಮರುವರ್ಷ ಔಷಧಿ ಕಲಸುವ ಹೊತ್ತಿಗೆ ತೋಟಕ್ಕೆ ಹೋದಾಗ ಬ್ಯಾರೆಲ್ಲಿನ ಕಂಠದ ಹತ್ತಿರ ಕೆಂಪು ಪೇಂಟಿನ ಗೆರೆಯೊಂದು ಕಂಡಿತು. ಏನಿದು ಎಂದು ಕೇಳಿದ್ದಕ್ಕೆ ಆ ಹಿರಿಯರು, "ಇಲ್ಲಿವರೆಗೆ ನೀರು, ಎರಡು ಕೆಜಿ ತುತ್ತ. ನಾನಿಲ್ಲದಾಗ ಬೇಕಾಗ್ತದಲ್ಲ" ಎಂದರು. ಹತ್ತು ಲೀಟರಿನ ಬಕೆಟ್ಟು ತಂದು ಸುರಿದು ಎಣಿಸಿದೆ. ಗೆರೆ ಮುಟ್ಟಲು ಇಪ್ಪತ್ತು ಬಕೆಟ್ಟು ಹಿಡಿಯಿತು.